ಕೇಸಿಗೊಂದು ಅಡ್ವಾನ್ಸು

ಉದಯಕುಮಾರನ ನೌಕರಿ ಹೋಗುವುದಕ್ಕೆ ಕಾರಣ ಕರೆಂಟು. ಹೋದ ಕರೆಂಟಿನಿಂದ ಏನೂ ಆಗಿರಲಿಲ್ಲ. ತಿರುಗಿ ಬಂದ ಕರೆಂಟಿನಿಂದಲೇ ಎಲ್ಲ ರಾದ್ಧಾಂತ ಆದದ್ದು.

ವಾಡಿಯಿಂದ ರಾವೂರಿಗೆ ಹೋಗುವ ದಾರಿಯಲ್ಲಿ ಶರಣಬಸಪ್ಪ ಸಾವಕಾರರ ಪಾಲಿಶ್ ಮಶೀನು ಇದೆ. ಖಣಿಯಿಂದ ಬಂದ ನೆಲಕ್ಕೆ ಹಾಸುವ ಒರಟು ಪರಸಿ ಕಲ್ಲನ್ನು ಮಲಗಿಸಿ, ನೀರು ಬಿಟ್ಟು, ಮೇಲೆ ಚಕ್ರ ಓಡಿಸಿ ನುಣುಪು ಮಾಡುವುದು ಉದಯಕುಮಾರನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಕಲಿಯಬೇಕು ಅಂತ ಯಾವತ್ತೂ ಅನ್ನಿಸಿಯೂ ಇರಲಿಲ್ಲ.

ಆವತ್ತು ಮುಂಜಾನೆ ಒಂದು ಕಲ್ಲು ಅರ್ಧ ಆಗಿತ್ತು, ಕರೆಂಟು ಹೋಯಿತು. ಕರೆಂಟು ಹೋದಾಗ ಬಟನ್ ಬಂದ್ ಮಾಡು ಮಾರಾಯಾ ಎಂದು ಎಲ್ಲರೂ ಅವನಿಗೆ ಹೇಳಿ ಹೇಳಿ ಸಾಕಾಗಿದ್ದರು. ಉದಯಕುಮಾರ ಬಟನ್ ಹಾಗೇ ಬಿಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನೆರಳಿಗೆ ಕೂತ. ಅದೇ ಹೊತ್ತಿಗೆ ಸಾವಕಾರರು ಕಾರಿನಿಂದ ಇಳಿದರು.

ಸಾವಕಾರರು ಅವತ್ತು ಮಗನಿಗೆ ಹೆಣ್ಣು ನೋಡಲು ಸೇಡಂಗೆ ಹೊರಟಿದ್ದರು. ಬಿಳಿ ಅಂಗಿ, ಬಿಳಿ ಧೋತರ, ಹೆಗಲ ಮೇಲೆ ಜರಿಯ ಶಲ್ಯ, ಮೈತುಂಬ ಅತ್ತರು. ಎಲ್ಲಿಗೇ ಹೋಗಲಿ, ಹೋಗುವ ಮುಂಚೆ ಒಂದು ಗಳಿಗೆ ಮಶೀನಿಗೆ ಬಂದು ಯಾರಿಗಾದರೂ ಬೈದು ಹೋಗದಿದ್ದರೆ ಅವರಿಗೆ ಪ್ರಯಾಣ ಸುಖವಾಗುತ್ತಿರಲಿಲ್ಲ.

"ಇದೇನಲೇ ಇದು, ಕಲ್ಲಿನ ಮ್ಯಾಲ ಗೀರು ಬಿದ್ದಾವಲ್ಲ?" ಎಂದು ಅವರು ಶಲ್ಯ ಸಾವರಿಸಿಕೊಂಡು ಚಕ್ರದ ಬುಡಕ್ಕೆ ಬಗ್ಗಿದರು.

ಕರೆಂಟು ಬಂತು.

ಒಂದು ಬಕೆಟ್ಟಿನಷ್ಟು ಬೂದು ರಾಡಿ ಸಾವಕಾರರ ಮುಖ, ಮೀಸೆ, ಅಂಗಿ, ಧೋತರ, ಶಲ್ಯ ಯಾವುದನ್ನೂ ಬಿಡದೆ ಅಪ್ಪಳಿಸಿತು. ಅವರು ನೆಟ್ಟಗಾದಾಗ ಕಣ್ಣು ಮಾತ್ರ ಕಾಣುತ್ತಿದ್ದವು. ಕಲ್ಲಿನ ರಾಶಿಗಳ ಹಿಂದೆ ಹುಡುಗರು ಬಾಯಿಗೆ ಟವೆಲ್ಲು ತುರುಕಿಕೊಂಡು ಕೂತರು.

"ಸಾವಕಾರ್ರೀ, ಕರೆಂಟ್ ಬಂತ್ರೀ..." ಎಂದ ಉದಯಕುಮಾರ, ಅವರಿಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ.

"ಕರೆಂಟ್ ಬಂತು, ನಿನ್ನ ನೌಕರಿ ಹೋಯ್ತು!" ಸಾವಕಾರರು ಬಾಯಿಂದ ರಾಡಿ ಉಗುಳಿದರು. "ಹೋಗು! ಈಗಿಂದೀಗ ಹೋಗು! ನಾಳಿಂದ ನಿನ್ನ ಮಾರಿ ಇಲ್ಲಿ ಕಾಣಬಾರದು. ಕಂಡ್ರ ಆ ಚಕ್ರದ ಬುಡಕ ನಿನ್ನೇ ಮಲಗಸ್ತೀನಿ!"

ಉದಯಕುಮಾರ ಊಟದ ಡಬ್ಬಿ ಎತ್ತಿಕೊಂಡು ಹೊರಟ. ಡಬ್ಬಿ ಇನ್ನೂ ಬಿಸಿ ಇತ್ತು.

ರಾವೂರಿನ ಮನೆಯಲ್ಲಿ ಹೆಂಡತಿ ಅಂಬಿಕಾ ಹೊಲಿಗೆ ಮಶೀನಿನ ಮುಂದೆ ಕೂತಿದ್ದಳು. ಗಂಡ ಈ ಹೊತ್ತಿನಲ್ಲಿ ಬಂದದ್ದು ನೋಡಿ ಅವಳ ಕಾಲು ತುಳಿಯುವುದನ್ನು ನಿಲ್ಲಿಸಿತು. ನಡೆದದ್ದೆಲ್ಲ ಕೇಳಿ, ಮೊದಲು ನಗು ತಡೆದುಕೊಂಡಳು, ಆಮೇಲೆ ಅವಳಿಗೆ ನಗು ಬರಲೇ ಇಲ್ಲ. ಅವಳು ಹೊಲಿಯುವ ಜಂಪರುಗಳಿಂದ ಮನೆಗೆ ಉಪ್ಪು ಮೆಣಸಿನಕಾಯಿ ಬರುತ್ತಿತ್ತು. ಜೋಳ ಬರುತ್ತಿದ್ದುದು ಪಾಲಿಶ್ ಮಶೀನಿನಿಂದಲೇ.

"ಆತು ಬಿಡ್ರಿ. ಸಂಜಿಗಿ ಸಾವಕಾರ್ರ ಸಿಟ್ಟು ಇಳೀತದ. ಹೋಗಿ ಕೈ ಮುಗದು ನಿಂದರ್ರಿ. ಈ ನೌಕರಿ ಹೋದ್ರ ನಮಗ್ಯಾರ ಇದ್ದಾರ?"

ಒಳ್ಳೆಯ ಮಾತು. ಉದಯಕುಮಾರ ಹಾಗೇ ಮಾಡಿದ್ದರೆ ನನಗೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಗೋಡೆಯ ಆಚೆ ಸಿರಾಜುದ್ದೀನ ಚಾಚಾ ಇದ್ದರು.

ಸಿರಾಜುದ್ದೀನ ಚಾಚಾ ಮೊದಲು ಒಂದು ಲಾರಿ ಟ್ರಾನ್ಸ್‌ಪೋರ್ಟಿನಲ್ಲಿದ್ದರು. ಅಲ್ಲಿಂದ ಅವರನ್ನು ತೆಗೆದಾಗ ಮಾಲೀಕನ ಮೇಲೆ ಕೇಸು ಹಾಕಿ ಗೆದ್ದಿದ್ದರು. ಅದು ಮುಗಿಯುವಷ್ಟರಲ್ಲಿ ಅವರ ತಲೆಗೂದಲು ಬೆಳ್ಳಗಾಗಿತ್ತು, ಗೆದ್ದ ರೊಕ್ಕದಲ್ಲಿ ವಕೀಲರ ಮನೆಗೆ ಎರಡನೆಯ ಅಂತಸ್ತು ಬಂದಿತ್ತು. ಚಾಚಾ ಇದನ್ನೆಲ್ಲ ಹೇಳುತ್ತಿರಲಿಲ್ಲ. ಗೆದ್ದೆ ಎಂಬುದನ್ನು ಮಾತ್ರ ಹೇಳುತ್ತಿದ್ದರು.

"ಕೈ ಮುಗೀಬ್ಯಾಡ ಬೇಟಾ!" ಗೋಡೆಯ ಮೇಲೆ ಅವರ ಬಿಳಿ ಗಡ್ಡ ಮೂಡಿತು. "ಕಾನೂನ್ ಅದ. ಹನ್ನೊಂದು ವರ್ಷದ ಆಳಿಗಿ ಬಾಯಿಮಾತಿಲೆ ಹೋಗು ಅನ್ಲಿಕ್ಕ ಬರಂಗಿಲ್ಲ. ನೋಟಿಸ್ ಕೊಡಬೇಕು. ಕೊಟ್ಟಾರೇನು?"

"ರಾಡಿ ಮೈಯಾಗ ಎಲ್ಲಿ ನೋಟಿಸ್ ಕೊಡ್ತಾರ ಚಾಚಾ?"

"ಹಂಗಾದ್ರ ಕೇಸ್ ಹಾಕು! ಇವತ್ತು ಚಿತ್ತಾಪುರದಾಗ ಲೇಬರ್ ಆಫೀಸಿನವ್ರು ಬಂದು ಕುಂತಾರ. ತಿಂಗಳಿಗೊಮ್ಮೆ ಬರ್ತಾರ, ಸಂಜಿ ಐದಕ್ಕ ಎದ್ದು ಹೋಗ್ತಾರ. ಇವತ್ತು ತಪ್ಪಿದ್ರ ಇನ್ನೊಂದು ತಿಂಗಳು ಮನ್ಯಾಗ ಕುಂದ್ರು."

ಕೂತಿದ್ದ ಉದಯಕುಮಾರ ಎದ್ದ, ಎದ್ದವನು ಚಪ್ಪಲಿ ಮೆಟ್ಟಿದ, ಮೆಟ್ಟಿದವನು ಮತ್ತೆ ಕೂತ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನು ಈ ಹೊತ್ತಿನಲ್ಲಿ ಕೈ ಖಾಲಿ ಇಟ್ಟುಕೊಂಡು ಕೂತಿರಲಿಲ್ಲ. ಆ ಖಾಲಿ ಕೈಯೇ ಅವನನ್ನು ಹೆದರಿಸಿತು.

"ಕೇಸಿಗಿ ಫೀಜ ಬೇಕಾಗ್ತದೋ!" ಈ ಕಡೆಯ ಬಾಗಿಲಿಂದ ಅಮೃತಮ್ಮ ಬಂದಳು. ಅವಳ ತಮ್ಮ ಚಿಂಚೋಳಿಯಲ್ಲಿ ಹೊಲದ ವ್ಯಾಜ್ಯ ಆಡುತ್ತಿದ್ದುದರಿಂದ ಕೋರ್ಟಿನ ಮಾತು ಬಂದಾಗ ಓಣಿಯಲ್ಲಿ ಅವಳಿಗೂ ಒಂದು ಮರ್ಯಾದೆ ಇತ್ತು. "ಫೀಜ ತುಂಬದ ಕೇಸಿಗಿ ಕಿಮ್ಮತ್ತಿಲ್ಲ. ನಮ್ಮ ತಮ್ಮ ಒಂದು ಸಲ ಕಡಿಮಿ ತುಂಬಿದ್ದ, ಅವನ ಕಾಗದ ಮಾರಿ ಮ್ಯಾಲ ಒಗದ್ರು."

"ಎಷ್ಟು ಬೇಕಾಗ್ತದ ಅಮೃತಕ್ಕ?"

"ಹತ್ತು ಸಾವಿರ," ಎಂದರು ಚಾಚಾ ಗೋಡೆಯ ಮೇಲಿಂದ.

"ಹತ್ತು? ಖೂನಿ ಕೇಸೇನ್ರಿ ಇದು? ಮೂರು ಸಾಕು."

"ಮೂರಕ್ಕ ಜವಾನನೂ ಮಾರಿ ನೋಡಂಗಿಲ್ಲ. ಎಂಟು."

"ನಾಲ್ಕು."

ಸಂತೆಯಲ್ಲಿ ಕುರಿ ಚೌಕಾಶಿ ಮಾಡಿದ ಹಾಗೆ ಇಬ್ಬರೂ ಮಾತಾಡಿ ಕೊನೆಗೆ ಐದು ಸಾವಿರಕ್ಕೆ ಒಪ್ಪಿದರು. ಸರಕಾರದ ಫೀಜನ್ನು ಇವರಿಬ್ಬರು ಗೋಡೆಯ ಮೇಲೆ ಗೊತ್ತುಮಾಡುವುದು ಹೇಗೆ ಎಂದು ಉದಯಕುಮಾರ ಕೇಳಲಿಲ್ಲ. ಚೌಕಾಶಿ ಮಾಡಿ ಅರ್ಧಕ್ಕೆ ಇಳಿಸಿದರಲ್ಲ ಎಂದು ಅವನಿಗೆ ಸಂತೋಷವೇ ಆಯಿತು.

"ಹಂಗಾದ್ರ ಐದು ಸಾವಿರ ಕೊಡ್ರಿ ಚಾಚಾ, ಪಗಾರ ಆದ ಮ್ಯಾಲ..." ಎಂದವನು ನಾಲಿಗೆ ಕಚ್ಚಿಕೊಂಡ.

ಚಾಚಾನ ಗಡ್ಡ ಗೋಡೆಯ ಕೆಳಗೆ ಇಳಿಯಿತು. ಮಗ ರೊಕ್ಕ ಕಳಿಸುವುದು ಒಂದನೇ ತಾರೀಖಿಗೆ ಎಂಬ ದನಿ ಮಾತ್ರ ಬಂತು. ಅಮೃತಮ್ಮನ ರೊಕ್ಕ ಓಣಿಯ ಹೆಂಗಸರ ಭಿಶಿ ಚೀಟಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದೂ ಆಗಲೇ ನೆನಪಾಯಿತು.

"ನನ್ನ ಮಾತು ಕೇಳ್ರಿ. ಸಂಜಿತನಕ ತಡೀರಿ," ಎಂದಳು ಅಂಬಿಕಾ.

"ಸಂಜಿಗಿ ಆಫೀಸ್ ಮುಚ್ತದ!" ಎನ್ನುತ್ತ ಉದಯಕುಮಾರ ಓಡಿದ.

ರೊಕ್ಕ ಬೇಕಾದಾಗ ಎಲ್ಲಿಗೆ ಹೋಗಬೇಕು ಎಂದು ಅವನು ಯೋಚನೆ ಮಾಡಲಿಲ್ಲ. ಯೋಚಿಸುವ ಕೆಲಸ ಕಾಲುಗಳು ಮಾಡಿದವು. ಮದುವೆಗೆ ಬೇಕಾದಾಗ ಹೋದ ಕಡೆಗೆ, ಅಂಬಿಕಾಳ ಹೆರಿಗೆಗೆ ಬೇಕಾದಾಗ ಹೋದ ಕಡೆಗೆ, ಅವ್ವ ತೀರಿದಾಗ ಅವಳ ದಿನಕ್ಕೆ, ಮನೆಯ ಮಾಡಿನ ಪತ್ರಾಸಿಗೆ ಬೇಕಾದಾಗ ಹೋದ ಕಡೆಗೇ ಕಾಲುಗಳು ಅವನನ್ನು ಒಯ್ದವು. ಎಚ್ಚರಾಗಿ ನೋಡುತ್ತಾನೆ, ಪಾಲಿಶ್ ಮಶೀನಿನ ಆಫೀಸಿನ ಕಿಟಕಿಯ ಮುಂದೆ ನಿಂತಿದ್ದಾನೆ. ಒಳಗೆ ಗುಮಾಸ್ತ ಮಾಣಿಕಪ್ಪ ಕನ್ನಡಕ ಏರಿಸಿಕೊಂಡು ಅವನನ್ನೇ ನೋಡುತ್ತಿದ್ದಾನೆ.

ಆ ಮಶೀನಿನಲ್ಲಿ ಅಡ್ವಾನ್ಸು ತೆಗೆದುಕೊಳ್ಳದ ಆಳಿಲ್ಲ. ಒಂದು ತೀರುವ ಮುಂಚೆ ಇನ್ನೊಂದು, ಅದು ತೀರುವ ಮುಂಚೆ ಮತ್ತೊಂದು. ಸಾವಕಾರರು ಕೊಡುವಾಗ ಎರಡು ಬೈಗುಳ ಜಾಸ್ತಿ ಕೊಡುತ್ತಿದ್ದರು, ಇಲ್ಲ ಎನ್ನುತ್ತಿರಲಿಲ್ಲ. ಉದಯಕುಮಾರ ಒಬ್ಬನೇ ಹೋದ ತಿಂಗಳು ಎಲ್ಲ ಬಾಕಿ ತೀರಿಸಿ, ಊರ ತುಂಬ ಹೇಳಿಕೊಂಡು ತಿರುಗಿದ್ದ.

"ಬಂದ್ಯಾ? ಇನ್ನೂ ತಿಂಗಳಾಗಿಲ್ಲ," ಎಂದ ಮಾಣಿಕಪ್ಪ. "ಎಷ್ಟು?"

"ಐದು ಸಾವಿರ, ಕಾಕಾ."

"ಎದಕ್ಕ?"

ಸುಳ್ಳು ಹೇಳುವುದು ಉದಯಕುಮಾರನಿಗೆ ಬಟನ್ ಬಂದ್ ಮಾಡುವಷ್ಟೇ ಕಷ್ಟ. "ಸಾವಕಾರ್ರ ಮ್ಯಾಲ ಕೇಸ್ ಹಾಕ್ಬೇಕು, ಅದರ ಫೀಜಿಗಿ," ಎಂದ.

ಮಾಣಿಕಪ್ಪ ಕನ್ನಡಕ ತೆಗೆದ. ಒರೆಸಿದ. ಹಾಕಿಕೊಂಡ. "ಮದಿವಿಗಿ ಕೊಟ್ಟೀನಿ, ಮಣ್ಣಿಗಿ ಕೊಟ್ಟೀನಿ, ಎಮ್ಮಿಗಿ ಕೊಟ್ಟೀನಿ. ಕೇಸಿಗಂತ ಇಲ್ಲಿತನಕ ಯಾರೂ ಕೇಳಿಲ್ಲಪ್ಪ. ತಡಿ, ನನ್ನ ತಲಿ ಮ್ಯಾಲ ಬರಬಾರದು, ಸಾವಕಾರ್ರಿಗೇ ಕೇಳ್ತೀನಿ."

ಸಾವಕಾರರು ಅಷ್ಟೊತ್ತಿಗೆ ಮನೆಗೆ ಹೋಗಿ, ಮೈ ತೊಳೆದು, ಬಟ್ಟೆ ಬದಲಿಸಿ, ಸೇಡಂ ಮುಟ್ಟಿ ಬೀಗರ ಪಡಸಾಲೆಯಲ್ಲಿ ಕೂತಿದ್ದರು. ಕಿವಿ ಮಂದ ಆದದ್ದರಿಂದ ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಅಂದರೆ ಫೋನಿನ ಮಾತು ಪಡಸಾಲೆಗೆಲ್ಲ ಕೇಳುತ್ತದೆ, ಪಡಸಾಲೆಯ ಮಾತು ಫೋನಿನಲ್ಲಿ ಪೂರ್ತಿ ಕೇಳುತ್ತದೆ. ಉಪ್ಪಿಟ್ಟಿನ ತಟ್ಟೆಗಳ ಸಪ್ಪಳ ಕೂಡ ಮಾಣಿಕಪ್ಪನಿಗೆ ಕೇಳಿಸಿತು.

"ಸಾವಕಾರ್ರೀ, ನಮ್ಮ ಉದಯಕುಮಾರ ಐದು ಸಾವಿರ ಅಡ್ವಾನ್ಸ್ ಕೇಳ್ಲಿಕತ್ತಾನ್ರಿ. ಅದು ಎದಕ್ಕಂದ್ರ..."

"ಕೊಡ್ರಿ, ಕೊಡ್ರಿ!" ಸಾವಕಾರರ ದನಿ ಮುಂಜಾನೆಯದಲ್ಲ. ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತಿತ್ತು. "ಎದಕ್ಕಂತ ಕೇಳ್ಬ್ಯಾಡ್ರಿ. ನಮ್ಮ ಆಳುಗೋಳು ಅಂದ್ರ ನಮಗ ಮಕ್ಕಳಿದ್ದಂಗ."

"ಹಂಗಲ್ರಿ, ಅವ ಏನಂತಾನಂದ್ರ..."

"ಕೊಡ್ರಿ ಅಂದೆನಲ್ಲ! ಕೈ ಒಡ್ಡಿ ಬಂದವರಿಗಿ ಇಲ್ಲ ಅನ್ನೂ ಪದ್ಧತಿ ನಮ್ಮ ಮನ್ಯಾಗ ಇಲ್ಲ."

"ಎಂಥಾ ದೊಡ್ಡ ಮನಸ್ಸರಿ ಬೀಗರದು," ಎಂದು ಹಿಂದಿನಿಂದ ಒಂದು ಮುದಿ ದನಿ ಕೇಳಿತು. ಫೋನು ಬಂದಾಯಿತು.

ಮಾಣಿಕಪ್ಪ ಒಂದು ನಿಮಿಷ ಫೋನು ನೋಡಿದ, ಒಂದು ನಿಮಿಷ ಉದಯಕುಮಾರನನ್ನು ನೋಡಿದ. ಆಮೇಲೆ ಸಹಿ ಮಾಡಿಸಿಕೊಂಡು ಐದು ಸಾವಿರ ಎಣಿಸಿ ಕೊಟ್ಟ. "ನಾ ಹೇಳ್ಲಿಕ್ಕ ಹೋದೆ. ಅವರೇ ಕೇಳಲಿಲ್ಲ. ನೀ ಸಾಕ್ಷಿ," ಎಂದ.

ಚಿತ್ತಾಪುರದ ಟಂಟಂ ಆಟೋ ಮಂದಿ ತುಂಬುವ ತನಕ ಹೊರಡಲಿಲ್ಲ. ಉದಯಕುಮಾರ ಹತ್ತಿ ಕೂತ, ಇಳಿದು ನಿಂತ, ಮತ್ತೆ ಹತ್ತಿದ. ಒಂದು ಸಲ ರೊಕ್ಕ ತಿರುಗಿ ಕೊಟ್ಟು ಬರೋಣ ಅನ್ನಿಸಿತು. ಇನ್ನೊಂದು ಸಲ ಸಾವಕಾರರ ರಾಡಿ ಮುಖ ಕಣ್ಣಿಗೆ ಕಟ್ಟಿತು. ಡ್ರೈವರ "ಕುಂದ್ರೋ ಮಾರಾಯಾ, ನೀ ಇಳದಾಗೊಮ್ಮೆ ಒಬ್ಬ ಕಡಿಮಿ ಆಗ್ಲಿಕತ್ತಾನ!" ಎಂದು ರೇಗಿದ ಮೇಲೆ ಬಾರು ಕಟ್ಟಿದ ಕರುವಿನ ಹಾಗೆ ಮೂಲೆಯಲ್ಲಿ ಕೂತ.

ಚಿತ್ತಾಪುರದಲ್ಲಿ ಇಳಿದವನು ನೇರ ಆಫೀಸಿಗೆ ಹೋಗಬೇಕಿತ್ತು. ಆದರೆ ಫೀಜು ತುಂಬದ ಕಾಗದ ಮುಖದ ಮೇಲೆ ಬೀಳುತ್ತದೆ ಎಂದು ಅಮೃತಮ್ಮ ಹೇಳಿದ್ದಳಲ್ಲ, ಮೊದಲು ಫೀಜು ತುಂಬಲು ಹೊರಟ. ಝೆರಾಕ್ಸ್ ಅಂಗಡಿಯವನು "ಬ್ಯಾಂಕಿನಾಗ ಕೇಳ್ರಿ" ಎಂದು ಹೇಳಿ, ಯಾತಕ್ಕೂ ಇರಲಿ ಎಂದು ಅವನ ಆಧಾರ್ ಕಾರ್ಡಿನ ಆರು ಪ್ರತಿ ತೆಗೆದು ಕೊಟ್ಟ. ಬ್ಯಾಂಕಿನವರು "ಯಾವ ಖಾತೆಗ್ರಿ? ನಮಗ ಗೊತ್ತಿಲ್ಲ, ಪೋಸ್ಟಿನಾಗ ನೋಡ್ರಿ" ಎಂದರು. ಪೋಸ್ಟಿನವರು ನಕ್ಕರು. ಮರದ ಕೆಳಗೆ ಅರ್ಜಿ ಬರೆಯುವವನು ಅರ್ಜಿ ಬರೆದು, ಫೋಟೋ ಅಂಟಿಸಬೇಕೆಂದು ಹೇಳಿ ಎದುರಿನ ಸ್ಟುಡಿಯೋಗೆ ಕಳಿಸಿದ. ಸ್ಟುಡಿಯೋದವನು ಅವನ ಗಲ್ಲದ ಮೇಲಿನ ರಾಡಿ ಒರೆಸಿ, ಕೋಟು ತೊಡಿಸಿ ಫೋಟೋ ಹೊಡೆದ. ಕೋಟಿನಲ್ಲಿ ಉದಯಕುಮಾರ ಕೇಸು ಹಾಕುವವನ ಹಾಗೆ ಕಾಣದೆ ತಾನೇ ಸಾವಕಾರನ ಹಾಗೆ ಕಾಣುತ್ತಿದ್ದ.

ಹುಟ್ಟಿದಾಗಿನಿಂದ ರೊಕ್ಕ ಕೊಡುವವರನ್ನು ಹುಡುಕಿಕೊಂಡು ತಿರುಗಿದವನು ಅವತ್ತು ರೊಕ್ಕ ತೆಗೆದುಕೊಳ್ಳುವವರನ್ನು ಹುಡುಕಿಕೊಂಡು ಊರೆಲ್ಲ ತಿರುಗಿದ. ಫೀಜು ಯಾರೂ ಮುಟ್ಟಲಿಲ್ಲ. ಚಿಲ್ಲರೆ ಮಾತ್ರ ಎಲ್ಲರೂ ತೆಗೆದುಕೊಂಡರು. ನಾಲ್ಕೂವರೆಗೆ ಬೆವರು ಸುರಿಸಿಕೊಂಡು ಲೇಬರ್ ಆಫೀಸಿನವರು ಕೂತ ಕೋಣೆಗೆ ನುಗ್ಗಿದಾಗ ಲೇಬರ್ ಇನ್ಸ್‌ಪೆಕ್ಟರ್ ಪೂನಮ್ ಮೇಡಂ ತಮ್ಮ ನೀರಿನ ಬಾಟಲಿ ಚೀಲಕ್ಕೆ ಹಾಕುತ್ತಿದ್ದರು.

"ಮೇಡಂ, ಫೀಜ ಎಲ್ಲಿ ತುಂಬಬೇಕ್ರಿ? ಐದು ಸಾವಿರ ತಂದೀನ್ರಿ!"

"ಯಾವ ಫೀಜು?"

"ಕೇಸಿಂದ್ರಿ. ನನ್ನ ನೌಕರಿಲಿಂದ ತೆಗದಾರ್ರಿ."

ಪೂನಮ್ ಮೇಡಂ ಚಿಕ್ಕ ವಯಸ್ಸಿನವರು, ಮುಖದಲ್ಲಿ ದಣಿವಿತ್ತು, ಆದರೆ ಸಿಟ್ಟಿರಲಿಲ್ಲ. "ಕುಂದ್ರಿ ಮೊದಲ. ನೀರು ಕುಡೀರಿ. ಇಲ್ಲಿ ದೂರು ಕೊಡ್ಲಿಕ್ಕ ಫೀಜು ಇಲ್ಲ. ಒಂದು ರೂಪಾಯಿನೂ ಇಲ್ಲ. ಯಾರ್ ಹೇಳಿದ್ರು ನಿಮಗ?"

"ಫೀಜು ಇಲ್ಲೇನ್ರಿ?" ಉದಯಕುಮಾರನಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಟ್ಟಿ ಸಿಗುವ ನ್ಯಾಯದ ಮೇಲೆ ಅವನಿಗೆ ಅಷ್ಟು ನಂಬಿಕೆಯೂ ಬರಲಿಲ್ಲ. "ಸ್ವಲ್ಪನಾದ್ರೂ ತಗೋರಿ ಮೇಡಂ," ಎಂದ.

"ಆ ರೊಕ್ಕ ಒಳಗ ಇಡ್ರಿ!" ಮೇಡಂ ಗದರಿದರು. "ಏನಾಯ್ತು ಹೇಳ್ರಿ."

ಅವನು ಹೇಳಿದ. ಕರೆಂಟು ಬಂದದ್ದು ಹೇಳುವಾಗ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಗಂಭೀರವಾಗಿ, "ಹಿಂಗೆಲ್ಲ ಬಾಯಿಮಾತಿಲೆ ತೆಗೀಲಿಕ್ಕ ಬರಂಗಿಲ್ಲ. ಮೊದಲ ಅವರಿಗೊಂದು ಫೋನ್ ಮಾಡಿ ಕೇಳ್ತೀನಿ. ಮಾತಿನಾಗ ಬಗಿಹರದ್ರ ಛಲೋ," ಎಂದು ನಂಬರು ಒತ್ತಿ, ಇಬ್ಬರಿಗೂ ಕೇಳಲೆಂದು ಅವರೂ ಸ್ಪೀಕರಿಗೆ ಹಾಕಿದರು.

"ಶರಣಬಸಪ್ಪನವರೇನ್ರಿ? ಲೇಬರ್ ಆಫೀಸಿಂದ ಮಾತಾಡ್ಲಿಕತ್ತೀನಿ. ಉದಯಕುಮಾರ ಅನ್ನೋರನ್ನ ಇವತ್ತು ನೌಕರಿಯಿಂದ ತೆಗದೀರಂತ?"

ಆ ಕಡೆ ತಟ್ಟೆಗಳ ಸಪ್ಪಳ ನಿಂತಿತು.

"ಯಾರನ್ನ ತೆಗದೀವ್ರಿ ಮೇಡಂ? ಛೇ ಛೇ! ಅವ ನಮ್ಮ ಹುಡುಗ. ಇವತ್ತು ಮಧ್ಯಾಹ್ನ ಐದು ಸಾವಿರ ಅಡ್ವಾನ್ಸ್ ಕೊಟ್ಟೀನ್ರಿ. ಇಲ್ಲೇ ನಮ್ಮ ಬೀಗರ ಎದುರಿಗೇ ಹೇಳೀನಿ. ತೆಗದವರಿಗಿ ಯಾರರೆ ಅಡ್ವಾನ್ಸ್ ಕೊಡ್ತಾರೇನ್ರಿ?"

ಮೇಡಂ ಉದಯಕುಮಾರನ ಕಡೆ ತಿರುಗಿದರು. "ಅಡ್ವಾನ್ಸ್ ತಗೊಂಡೀರೇನು?"

"ತಗೊಂಡೀನ್ರಿ."

"ಅವರು ಹೋಗು ಅಂದದ್ದು ಮುಂಜಾನಿ. ಅಡ್ವಾನ್ಸ್ ತಗೊಂಡದ್ದು ಮಧ್ಯಾಹ್ನ?"

"ಹೌದ್ರಿ."

"ಎದಕ್ಕ ತಗೊಂಡ್ರಿ?"

"ಈ ಕೇಸಿನ ಫೀಜಿಗಿ ಮೇಡಂ," ಎಂದ ಉದಯಕುಮಾರ. ಸ್ಪೀಕರ್ ಫೋನು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. ಸೇಡಂನ ಪಡಸಾಲೆಯಿಂದ ಆ ಮುದಿ ದನಿ ನಿಧಾನವಾಗಿ ಕೇಳಿತು, "ಬೀಗರ, ನಿಮ್ಮ ಮ್ಯಾಲಿನ ಕೇಸಿಗಿ ನೀವೇ ರೊಕ್ಕ ಕೊಟ್ಟೀರೇನ್ರಿ?"

"ಸಾವಕಾರ್ರ," ಮೇಡಂ ನಗು ನುಂಗಿಕೊಂಡು ಕೇಳಿದರು, "ಹಂಗಾದ್ರ ಇವರು ನಿಮ್ಮಲ್ಲಿ ನೌಕರಿ ಮ್ಯಾಲ ಇದ್ದಾರ ಅಂತ ಬರಕೋಬೇಕೇನು?"

"...ಹೌದ್ರಿ," ಎಂಬ ಮಾತು ಬಾವಿಯ ತಳದಿಂದ ಬಂದ ಹಾಗೆ ಬಂತು.

"ಆಯ್ತು. ಹೋಗ್ರಿ ಉದಯಕುಮಾರ, ನಾಳಿ ಮುಂಜಾನಿ ಕೆಲಸಕ್ಕ ಹೋಗ್ರಿ. ನಿಮ್ಮನ್ನ ಯಾರೂ ತೆಗದಿಲ್ಲ. ದೂರು ಇಲ್ಲಿಗಿ ಮುಗೀತು," ಎಂದು ಮೇಡಂ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಚೀಲ ಎತ್ತಿಕೊಂಡು ಹೊರಟರು.

ತಿರುಗಿ ಬರುವ ಟಂಟಂನಲ್ಲಿ ಉದಯಕುಮಾರ ನೆಲದ ಮೇಲಿರಲಿಲ್ಲ. ನೌಕರಿ ಉಳಿದಿತ್ತು! ಫೀಜು ಇಲ್ಲದೆ, ವಕೀಲರಿಲ್ಲದೆ, ಅರ್ಧ ಗಂಟೆಯಲ್ಲಿ! ಪಕ್ಕದಲ್ಲಿ ಕೂತ ಗುರುತಿಲ್ಲದ ಮುದುಕಿಗೂ ಎಲ್ಲ ಹೇಳಿ, ಅವಳಿಗೊಂದು ಚಹಾ ಕುಡಿಸಿದ.

ಮನೆಯಲ್ಲಿ ಅಂಬಿಕಾ ಕೇಳಿದವಳೇ ದೇವರ ಕಡೆ ತಿರುಗಿ ಕೈ ಮುಗಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವನಿಗೆ ಇಡೀ ದಿನದ ಓಡಾಟ ಸಾರ್ಥಕ ಅನ್ನಿಸಿತು. ಆದರೆ ಕಿಸೆಯಲ್ಲಿ ಆ ರೊಕ್ಕ ಕೂತಿತ್ತು, ಅದು ಅವನನ್ನು ಕೂರಗೊಡಲಿಲ್ಲ.

"ಈ ರೊಕ್ಕ ಈಗೇ ಕೊಟ್ಟು ಬರ್ತೀನಿ."

"ನಾಳಿ ಕೆಲಸಕ್ಕ ಹೋದಾಗ ಕೊಟ್ರ ನಡಿಯಂಗಿಲ್ಲೇನು? ಮುಂಜಾನಿಂದ ಒಂದು ತುತ್ತು ತಿಂದಿಲ್ಲ ನೀವು."

"ಬ್ಯಾಡ. ಫೀಜು ಇಲ್ಲಂದ ಮ್ಯಾಲ ಸಾವಕಾರ್ರ ರೊಕ್ಕ ನಮಗ್ಯಾಕ? ನಾ ಯಾರ ಬಾಕಿನೂ ಇಟ್ಟುಕೊಳ್ಳಂಗಿಲ್ಲ ಅಂತ ಊರಿಗೆಲ್ಲ ಗೊತ್ತದ. ಇವತ್ತೇ ಕೊಟ್ರ ಸಾವಕಾರ್ರ ಸಿಟ್ಟೂ ಇಳೀತದ."

ಎಣಿಸಿ ನೋಡಿದರೆ ಟಂಟಂ, ಅರ್ಜಿ, ಆರು ಝೆರಾಕ್ಸು, ಕೋಟಿನ ಫೋಟೋ, ಮುದುಕಿಯ ಚಹಾ ಎಲ್ಲ ಸೇರಿ ಮುನ್ನೂರು ಕಡಿಮೆಯಾಗಿತ್ತು. ಉದಯಕುಮಾರನ ಮುಖ ಬಾಡಿತು. ಆಗ ಒಂದು ಪವಾಡ ನಡೆಯಿತು. ಗೋಡೆಯ ಮೇಲೆ ಸಿರಾಜುದ್ದೀನ ಚಾಚಾನ ಕೈ ಮೂಡಿ ನೂರೈವತ್ತು ಚಾಚಿತು.

"ತಗೋ ಬೇಟಾ. ಗೆದ್ದವನ ಮಾತು ಕೆಳಗ ಬೀಳಬಾರದು. ಪೂರಾ ಕೊಡು. ಅವನ ಮಾರಿ ಮ್ಯಾಲ ಒಗದು ಬಾ!"

ಚಾಚಾ ಕೊಟ್ಟದ್ದು ನೋಡಿ ಅಮೃತಮ್ಮನಿಗೆ ಸುಮ್ಮನಿರಲಾಗಲಿಲ್ಲ. ಭಿಶಿಯಲ್ಲಿ ಸಿಕ್ಕಿಕೊಂಡಿದ್ದ ರೊಕ್ಕ ಸೆರಗಿನ ಗಂಟಿನಿಂದ ಹೊರಗೆ ಬಂತು. "ನಮ್ಮ ಓಣಿ ಮಂದಿ ಅರ್ಧಂಬರ್ಧ ಲೆಕ್ಕ ಇಡಂಗಿಲ್ಲಂತ ಹೇಳು ಅವರಿಗಿ," ಎಂದಳು.

ಐದು ಸಾವಿರ ಮತ್ತೆ ಪೂರ್ತಿಯಾಯಿತು. ಉದಯಕುಮಾರ ಓಡಿದ.

ಮಶೀನಿನ ಅಂಗಳದಲ್ಲಿ ಸಾವಕಾರರ ಕಾರು ನಿಂತಿತ್ತು. ಆಫೀಸಿನ ಒಳಗೆ ಅವರು ಮೇಜಿನ ಹಿಂದೆ ಕೂತಿದ್ದರು. ಬೈಯುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವರು ಬೈಯದೆ ಕೂತದ್ದನ್ನು ಉದಯಕುಮಾರ ನೋಡಿರಲಿಲ್ಲ. ಸಿಟ್ಟು ಇಳಿದಿದೆ ಎಂದುಕೊಂಡ.

"ಬಾ," ಎಂದರು ಸಾವಕಾರರು ಮೆಲ್ಲಗೆ. "ಹುಡುಗಿ ಭಾಳ ಛಲೋ ಇದ್ಳು ನೋಡು. ಮಧ್ಯಾಹ್ನದ ತನಕ ಎಲ್ಲಾ ನಿಕ್ಕಿ ಆಗಿತ್ತು, ಬಾಯಿ ಸಿಹಿ ಮಾಡ್ಲಿಕ್ಕ ಸಕ್ರಿ ತರಲಿಕ್ಕ ಕಳಿಸಿದ್ರು. ಆಮ್ಯಾಲ ಆ ಫೋನ್ ಬಂತು. ಹುಡುಗಿ ಅಜ್ಜ ಎದ್ದು, 'ವಿಚಾರ ಮಾಡಿ ತಿಳಸ್ತೀವ್ರಿ' ಅಂದ. ಸಕ್ರಿ ತಂದವರು ಹಂಗೇ ಒಳಗ ಒಯ್ದ್ರು."

"ಛೇ ಛೇ," ಎಂದ ಉದಯಕುಮಾರ, ನಿಜವಾಗಿಯೂ ಮರುಗಿ. "ನಾ ರೊಕ್ಕ ತಿರುಗಿ ತಂದೀನ್ರಿ ಸಾವಕಾರ್ರೀ. ಫೀಜು ಇಲ್ಲಂತ್ರಿ. ತಗೋ ಕಾಕಾ."

ಕಿಟಕಿಯ ಪಕ್ಕ ನಿಂತಿದ್ದ ಮಾಣಿಕಪ್ಪ ಗಾಬರಿಯಾದ. "ಈಗ ಬ್ಯಾಡ, ನಾ ಪೆಟ್ಟಗಿ ಮುಚ್ಚೀನಿ, ನಾಳಿ ಕೊಡು," ಎಂದ. ಕಣ್ಣು ಹೊಡೆದ. ತಲೆ ಅಲ್ಲಾಡಿಸಿದ. ಮೇಜಿನ ಕೆಳಗೆ ಉದಯಕುಮಾರನ ಕಾಲು ತುಳಿದ.

"ಯಾಕ ತುಳೀತಿ ಕಾಕಾ? ಪೂರಾ ಐದು ಸಾವಿರ ಅದ, ಎಣಸು!"

"ಎಣಸ್ರಿ ಮಾಣಿಕಪ್ಪ," ಎಂದರು ಸಾವಕಾರರು.

ಮಾಣಿಕಪ್ಪ ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಎಣಿಸಿದ. ಒಂದಾದರೂ ನೋಟು ಕಡಿಮೆ ಬೀಳಲಿ ಎಂದು ಎರಡನೆಯ ಸಲವೂ ಎಣಿಸಿದ. ಬೀಳಲಿಲ್ಲ.

"ಪೂರಾ ಅದ್ರಿ."

"ಇವನ ಬಾಕಿ ಇನ್ನೇನರೆ ಅದ?"

"ಏನೂ ಇಲ್ರಿ. ಚುಕ್ತಾ."

"ಹಂಗಾದ್ರ," ಸಾವಕಾರರು ಖುರ್ಚಿಗೆ ಒರಗಿದರು, "ಹೋಗು. ನಾಳಿಂದ ಬರಬ್ಯಾಡ."

"ಸಾವಕಾರ್ರೀ, ಮೇಡಂ ಅವರ ಮುಂದ ನೌಕರಿ ಅದ ಅಂದೀರಲ್ರಿ!"

"ಆಗ ನಿನ್ನ ಕಡಿ ನನ್ನ ಐದು ಸಾವಿರ ಇತ್ತು. ರೊಕ್ಕ ಬರೂತನಕ ನಿನ್ನ ಹೆಂಗ ಬಿಡ್ಲಿ? ಈಗ ಬಂತು."

"ಮತ್ತ ಮೇಡಂ ಕಡಿ ಹೋಗ್ತೀನ್ರಿ!"

"ಹೋಗು. ಮುಂದಿನ ತಿಂಗಳು ಬರ್ತಾರ."

ಹೊರಗೆ ಅಂಗಳದಲ್ಲಿ ಮಾಣಿಕಪ್ಪ ಹಿಂದೆಯೇ ಬಂದು ಅವನ ಹೆಗಲು ಹಿಡಿದ. ಮುದುಕನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಹುಚ್ಚಾ! ಇಷ್ಟು ವರ್ಷದಾಗ ಅವರು ಇಲ್ಲಿ ಎಷ್ಟು ಮಂದಿಗಿ ನಾಳಿಂದ ಬರಬ್ಯಾಡ ಅಂದಾರ, ಒಬ್ಬನಾದ್ರೂ ಹೋಗ್ಯಾನೇನು? ಎಲ್ಲಾರ ಮ್ಯಾಲ ಬಾಕಿ ಅದ, ಎಲ್ಲಾರೂ ನಾಳಿ ಮತ್ತ ಬರ್ತಾರ. ನೀ ಒಂದು ನೂರು ರೂಪಾಯಿ ಇಟ್ಟುಕೊಂಡಿದ್ರೂ ನಿನ್ನ ನೌಕರಿ ಉಳೀತಿತ್ತಲ್ಲೋ!"

"ಮುನ್ನೂರು ಕಡಿಮಿ ಇತ್ತು ಕಾಕಾ," ಎಂದ ಉದಯಕುಮಾರ. "ಮಂದಿ ಕೊಟ್ಟು ಪೂರಾ ಮಾಡಿಸಿದ್ರು."

ಮನೆಯ ಮುಂದೆ ಚಾಚಾ ಮತ್ತು ಅಮೃತಮ್ಮ ಕಟ್ಟೆಯ ಮೇಲೆ ಕೂತು ಅವನ ದಾರಿಯನ್ನೇ ನೋಡುತ್ತಿದ್ದರು. ಒಳಗೆ ಅಂಬಿಕಾ ನಾಳೆಯ ಡಬ್ಬಿಗೆಂದು ಶೇಂಗಾ ಹಿಂಡಿ ಕುಟ್ಟುತ್ತಿದ್ದ ಸಪ್ಪಳ ಬರುತ್ತಿತ್ತು.

"ಕೊಟ್ಟು ಬಂದ್ಯಾ?" ಎಂದರು ಚಾಚಾ.

"ಕೊಟ್ಟು ಬಂದೆ."

"ಪೂರಾ?"

"ಪೂರಾ."

"ಶಹಬ್ಬಾಸ್!" ಎಂದು ಚಾಚಾ ತೊಡೆ ತಟ್ಟಿದರು. ಅಮೃತಮ್ಮ ಸೆರಗು ಸರಿಮಾಡಿಕೊಂಡು, ಮೆತ್ತಗೆ ಕೇಳಿದಳು, "ಮತ್ತ ನಮ್ಮ ಮುನ್ನೂರು ಯಾವಾಗ ಕೊಡ್ತೀಯೋ ತಮ್ಮಾ?"

ಉದಯಕುಮಾರ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತ, ರೂಢಿಯ ಮೇಲೆ, "ಪಗಾರ ಆದ ಮ್ಯಾಲ," ಎಂದ.